ಹಳೆಯ ಡಾಂಗಲ್‌ಗೆ ಹೊಸ ಕಂಪ್ಯೂಟರಿನಲ್ಲಿ ಜಾಗ ಬೇಕು

ಬೆಂಗಳೂರಿನ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಸಣ್ಣ ಪ್ರೆಸ್‌ಗಳ ಕಂಪ್ಯೂಟರ್ ರಿಪೇರಿಯಿಂದಲೇ ನನ್ನ ಸಂಸಾರ ನಡೆದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಎಲ್ಲರೂ ನನ್ನನ್ನು ಕೇಳುವುದು ಒಂದೇ: ಹೊಸದು ಯಾವುದು ಕೊಳ್ಳೋಣ? ನನ್ನ ಚಿಂತೆ ಮಾತ್ರ ಅಂಗಡಿಯ ಮೂಲೆಯಲ್ಲಿ ಇನ್ನೂ ಓಡುತ್ತಿರುವ ವಿಂಡೋಸ್ ಎಕ್ಸ್‌ಪಿ ಯಂತ್ರದ್ದು.

ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರಲ್ಲಿ. ಆದರೂ ಅದನ್ನು ಯಾರೂ ಎಸೆದಿಲ್ಲ, ಎಸೆಯುವಂತೆಯೂ ಇಲ್ಲ. ದೇವಸ್ಥಾನದ ಕಿರುಪುಸ್ತಕ, ಸಂಘದ ಸ್ಮರಣ ಸಂಚಿಕೆ, ಲೇಖಕರೇ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಕವನ ಸಂಕಲನ, ಎಲ್ಲವೂ ಅದರೊಳಗೆ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿನ ಕಡತಗಳಾಗಿ ಕೂತಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಕ್ಷರಗಳು ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯವು. ಅವನ್ನು ಮೂಡಿಸುವ ತಂತ್ರಾಂಶಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಗುತ್ತಿತ್ತು. ದುಡ್ಡು ಕೊಟ್ಟು ಕೊಂಡ ಕೆಲವು ತಂತ್ರಾಂಶಗಳಿಗೆ ಮಾತ್ರ ಡಾಂಗಲ್ ಬೇಕು. ಹೆಬ್ಬೆರಳಿನಷ್ಟು ದೊಡ್ಡ ಆ ತುಂಡು ಕಂಪ್ಯೂಟರಿಗೆ ಚುಚ್ಚಿರದಿದ್ದರೆ ತಂತ್ರಾಂಶ ತೆರೆಯುವುದೇ ಇಲ್ಲ.

ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ ಎನ್ನುವವರಿದ್ದಾರೆ. ಬದಲಾಯಿಸಬೇಕು, ಒಪ್ಪುತ್ತೇನೆ. ಪರಿವರ್ತಕಗಳು ಪಠ್ಯವನ್ನು ದಾಟಿಸಿಕೊಡುತ್ತವೆ, ಆದರೆ ಪುಟವಿನ್ಯಾಸ ಅಲ್ಲೇ ಉಳಿಯುತ್ತದೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಮುನ್ನೂರು ಪುಟದ ಪುಸ್ತಕಕ್ಕೆ ಮತ್ತೆ ಪ್ರೂಫ್ ನೋಡಬೇಕಾಗುತ್ತದೆ. ಮರುಮುದ್ರಣ ಇನ್ನೂರು ಪ್ರತಿಯಾದರೆ ಅಷ್ಟು ಖರ್ಚು ಹೊರುವವರು ಯಾರು?

ನಾನು ಮಾಡುವುದು ಬೇರೆ. ಹೊಸ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿಯನ್ನು ವರ್ಚುವಲ್ ಮಷೀನ್ ಆಗಿ ಎಬ್ಬಿಸುತ್ತೇನೆ. ಇಂಥ ಮಷೀನ್‌ಗೆ ಸಾಮಾನ್ಯವಾಗಿ ಕಾಣುವುದೆಲ್ಲ ತಂತ್ರಾಂಶ ಕಟ್ಟಿಕೊಟ್ಟ ನಕಲಿ ಹಾರ್ಡ್‌ವೇರ್. ಕೆಲವು ಡಾಂಗಲ್‌ಗಳು ಈ ನಕಲಿ ಪೋರ್ಟಿನಲ್ಲಿ ಆಗಾಗ ಸಂಪರ್ಕ ಕಳೆದುಕೊಳ್ಳುತ್ತವೆ. ಆಗ ಎಸ್.ಪಿ. ರಸ್ತೆಯಿಂದ ಒಂದು ಯುಎಸ್‌ಬಿ 2.0 ಕಾರ್ಡ್ ತಂದು (ಯುಎಸ್‌ಬಿ 3ಕ್ಕೆ ಎಕ್ಸ್‌ಪಿಯ ಜೊತೆಗೇ ಬರುವ ಡ್ರೈವರ್ ಇಲ್ಲ), ಆ ಕಾರ್ಡನ್ನು ಇಡಿಯಾಗಿ ಎಕ್ಸ್‌ಪಿಗೇ ಒಪ್ಪಿಸುತ್ತೇನೆ. ಅಲ್ಲಿಂದ ಮುಂದೆ ಲಿನಕ್ಸ್ ಅದನ್ನು ಮುಟ್ಟುವುದಿಲ್ಲ. ಎಕ್ಸ್‌ಪಿ ನೇರವಾಗಿ ನಿಜವಾದ ಕಾರ್ಡಿನೊಡನೆ ವ್ಯವಹರಿಸುತ್ತದೆ. ನೆಟ್‌ವರ್ಕ್ ಮಾತ್ರ ಕೊಡುವುದಿಲ್ಲ, ಹಾಗಾಗಿ ಹೊರಗಿನ ವೈರಸ್ಸಿಗೆ ಆ ದಾರಿ ಮುಚ್ಚಿರುತ್ತದೆ.

ಇದರಲ್ಲಿ ಅಪಾಯವೂ ಇದೆ. ಇಂಥ ಕಾರ್ಡ್‌ಗಳು ಪ್ರೊಸೆಸರನ್ನು ಕೇಳದೆಯೇ ಮೆಮೊರಿಯಲ್ಲಿ ಓದಿ ಬರೆಯಬಲ್ಲವು. ತಡೆಯಿಲ್ಲದೆ ಒಪ್ಪಿಸಿದರೆ ಒಳಗಿನ ಎಕ್ಸ್‌ಪಿ ಹೊರಗಿನ ಲಿನಕ್ಸ್‌ನ ಮೆಮೊರಿಗೇ ಕೈ ಹಾಕಬಹುದು. ಬಾಡಿಗೆದಾರನಿಗೆ ಅವನ ಕೋಣೆಯ ಬೀಗದಕೈ ಮಾತ್ರ ಕೊಡುವಂತೆ, ಕಾರ್ಡಿನ ವ್ಯವಹಾರವನ್ನು ಆ ಮಷೀನಿನ ಮೆಮೊರಿಗಷ್ಟೇ ಕಟ್ಟಿಹಾಕುವ ಐಒಎಂಎಂಯು ಎಂಬ ಭಾಗ ಇರುವುದು ಇದಕ್ಕಾಗಿಯೇ. ಇಂಟೆಲ್ ಅದನ್ನು ವಿಟಿ-ಡಿ ಎನ್ನುತ್ತದೆ, ಎಎಂಡಿ ಎಎಂಡಿ-ವಿಐ ಎನ್ನುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಬಳಸಿಕೊಳ್ಳುವ ವಿಎಫ್‌ಐಒ 2012ರಲ್ಲೇ ಬಂತು.

ಆದರೂ ನನ್ನ ಕೈಗೆ ಬರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಐಒಎಂಎಂಯುವಿನ ಸ್ವಿಚ್ಚು ಬಯೋಸ್‌ನ ಮೂರನೇ ಪುಟದಲ್ಲೆಲ್ಲೋ ಆಫ್ ಆಗಿ ಕೂತಿರುತ್ತದೆ. ಕೆಲವುಗಳಲ್ಲಿ ಸ್ವಿಚ್ಚೇ ಕಾಣುವುದಿಲ್ಲ. ಇನ್ನು ಕೆಲವು ಮದರ್‌ಬೋರ್ಡುಗಳು ಹತ್ತಾರು ಸಾಧನಗಳನ್ನು ಒಂದೇ ಗುಂಪಿಗೆ ಸೇರಿಸಿರುತ್ತವೆ. ಒಂದು ಕಾರ್ಡ್ ಒಪ್ಪಿಸಬೇಕೆಂದರೆ ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಎಲ್ಲವನ್ನೂ ಒಪ್ಪಿಸಬೇಕು. ಗ್ರಾಫಿಕ್ಸ್ ಕಾರ್ಡನ್ನು ಹೀಗೆ ಒಪ್ಪಿಸುವವರಿಗೆ ಇನ್ನೊಂದು ತೊಡಕಿತ್ತು: ಎನ್‌ವಿಡಿಯಾದ ಜಿಫೋರ್ಸ್ ಕಾರ್ಡ್‌ಗಳ ಡ್ರೈವರ್ ತಾನು ವರ್ಚುವಲ್ ಮಷೀನಿನಲ್ಲಿದ್ದೇನೆ ಎಂದು ಗೊತ್ತಾದ ಕೂಡಲೇ ಕೋಡ್ 43 ತೋರಿಸಿ ನಿಂತುಬಿಡುತ್ತಿತ್ತು. ಕಂಪನಿ ಆ ತಡೆ ತೆಗೆದದ್ದು 2021ರಲ್ಲಿ. ಕಾರ್ಡಿಗೆ ಪೂರ್ತಿ ದುಡ್ಡು ಕೊಟ್ಟವರು ಅಷ್ಟು ವರ್ಷ ಯಾಕೆ ಕಾಯಬೇಕಿತ್ತು? ಇತ್ತ ಎಐ ಹೆಸರಿನಲ್ಲಿ ಗಂಟೆ ಲೆಕ್ಕದಲ್ಲಿ ಜಿಪಿಯು ಬಾಡಿಗೆ ಕೊಡುವ ಡೇಟಾ ಸೆಂಟರ್‌ಗಳು ಇದೇ ತಂತ್ರವನ್ನು ದಿನನಿತ್ಯ ಬಳಸುತ್ತವೆ. ಅಲ್ಲಿ ಸಲೀಸಾಗಿ ನಡೆಯುವುದು ಪ್ರೆಸ್ಸಿನವರಿಗೂ ಸಿಗಬೇಕು.

ಕಂಪ್ಯೂಟರಿಗೆ ಕನ್ನಡ ಬಂದ ಮೊದಲ ದಾರಿಗಳಲ್ಲೊಂದು ಹಾರ್ಡ್‌ವೇರೇ ಆಗಿತ್ತು. ಇಲ್ಲಿಗೆ ಹತ್ತಿರದ ಬೈಯಪ್ಪನಹಳ್ಳಿಯಲ್ಲೂ ಕಚೇರಿ ಇರುವ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ ಭಾರತೀಯ ಲಿಪಿಗಳು ತೆರೆಯ ಮೇಲೆ ಮೂಡುತ್ತಿದ್ದವು. ಆ ಕಾಲದ ಕಾರ್ಡಿಗೆ ಇವತ್ತಿನ ಬೋರ್ಡುಗಳಲ್ಲಿ ಸ್ಲಾಟೇ ಇಲ್ಲ. ಡಾಂಗಲ್‌ಗಳ ಪೀಳಿಗೆಗೂ ಆ ಗತಿ ಬರಬಾರದು.

ಸರ್ಕಾರಿ ಕಚೇರಿ, ಗ್ರಂಥಾಲಯ, ವಿಶ್ವವಿದ್ಯಾಲಯದ ಪ್ರಸಾರಾಂಗಗಳು ಕಂಪ್ಯೂಟರಿಗೆ ಟೆಂಡರ್ ಕರೆಯುವಾಗ ಇದೊಂದು ಷರತ್ತು ಸೇರಿಸಲಿ: ಐಒಎಂಎಂಯು ಇರಬೇಕು, ಬಳಕೆದಾರರೇ ಆನ್ ಮಾಡುವಂತಿರಬೇಕು, ಸ್ಲಾಟುಗಳು ಬೇರೆ ಬೇರೆ ಗುಂಪಿನಲ್ಲಿರಬೇಕು. ದೊಡ್ಡ ಗಿರಾಕಿ ಕೇಳಿದರೆ ತಯಾರಕರು ಕೊಡುತ್ತಾರೆ. ಪ್ರೆಸ್ಸಿನವರು ಅಲ್ಲಿಯವರೆಗೆ ಕಾಯುವುದು ಬೇಡ. ಮೂಲೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಹಾರ್ಡ್‌ಡಿಸ್ಕಿನ ಪೂರ್ತಿ ನಕಲು ತೆಗೆಸಿಡಿ, ಡಾಂಗಲ್ ಮೇಲೆ ತಂತ್ರಾಂಶದ ಹೆಸರು ಬರೆದಿಡಿ. ಡಿಸ್ಕ್ ಕೈಕೊಟ್ಟ ಮೇಲೆ ನನ್ನಂಥವರನ್ನು ಕರೆದರೆ ನಾವು ಮಾಡಬಹುದಾದದ್ದು ತೀರ ಕಡಿಮೆ.