ಜಮಖಂಡಿ ಸೀಮೆಯ ಪೂಜಾಸ್ಥಳಗಳು: ಪಟ್ಟಿಗಾರರಿಗೊಂದು ಆಕ್ಷೇಪ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಪೂಜಾಸ್ಥಳಗಳನ್ನು ಕುರಿತು ಸ್ಮರಣಸಂಚಿಕೆಗಳಲ್ಲಿಯೂ ಪ್ರವಾಸಿ ಕೈಪಿಡಿಗಳಲ್ಲಿಯೂ ಕಾಣುವ ಬರವಣಿಗೆಗೆ ಒಂದು ಸಿದ್ಧ ಅಚ್ಚು ಇದೆ. ಮೊದಲು ಹಿಂದೂ ದೇವಾಲಯಗಳು, ಬಳಿಕ ಜೈನ ಬಸದಿಗಳು, ಆಮೇಲೆ ಮಸೀದಿ-ದರ್ಗಾಗಳು, ಕೊನೆಗೆ ಚರ್ಚು. ಪ್ರತಿಯೊಂದಕ್ಕೂ 'ಪುರಾತನ' ಎಂಬ ವಿಶೇಷಣ, ಒಂದು ಐತಿಹ್ಯ, ಒಂದು ಜಾತ್ರೆಯ ತಿಂಗಳು. ಮುಕ್ತಾಯಕ್ಕೆ 'ಸರ್ವಧರ್ಮ ಸಮನ್ವಯದ ಪುಣ್ಯಭೂಮಿ' ಎಂಬ ವಾಕ್ಯ. ಈ ಅಚ್ಚಿನಲ್ಲಿ ಕಟ್ಟಿಸಿದವನ ಹೆಸರಿಲ್ಲ, ದತ್ತಿ ಕೊಟ್ಟವರ ಹೆಸರಿಲ್ಲ, ಇಸವಿಯಿಲ್ಲ. ಇಷ್ಟೂ ಇಲ್ಲದ ಮೇಲೆ ಉಳಿಯುವುದು ಧರ್ಮದ ಹಣೆಪಟ್ಟಿಯೊಂದೇ. ಹಣೆಪಟ್ಟಿಯನ್ನೇ ಇತಿಹಾಸವೆಂದು ಓದಿ ಬೆಳೆದ ತಲೆಮಾರು ಮುಂದೆ ಕೇಳುವ ಪ್ರಶ್ನೆಯೂ ಒಂದೇ: ಇದು ಮೊದಲು ಯಾರದಾಗಿತ್ತು?

ಈ ಪ್ರಶ್ನೆಯನ್ನು ಕೇಳುವವರು ತಮ್ಮನ್ನು ಇತಿಹಾಸಪ್ರಿಯರೆಂದು ಭಾವಿಸುತ್ತಾರೆ. ಅವರ ಕೈಯಲ್ಲಿರುವ ಸಾಧನ ಬಹುಮಟ್ಟಿಗೆ ಹೆಸರು ಮಾತ್ರ. ಹೆಸರು ಎಷ್ಟು ದುರ್ಬಲ ಸಾಕ್ಷಿ ಎಂಬುದಕ್ಕೆ ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆ ಸಾಕು. ಅಲ್ಲಿನ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಬಹುಕಾಲದ ನಂತರ ಅದರಲ್ಲಿ ವಾಸವಾಗಿದ್ದ ಒಬ್ಬನಿಂದ. ದುರ್ಗಾ ಗುಡಿಯ 'ದುರ್ಗ' ಕೋಟೆಯೇ ಹೊರತು ದೇವಿಯಲ್ಲ. ಹೆಸರನ್ನು ನಂಬಿ ಹೊರಟವನು ಮೊದಲನೆಯದನ್ನು ಮುಸಲ್ಮಾನರ ಕಟ್ಟಡವೆಂದೂ ಎರಡನೆಯದನ್ನು ಶಾಕ್ತರದೆಂದೂ ಬರೆದುಬಿಟ್ಟಾನು. ಅದೇ ಊರಿನ ಮೇಗುಟಿ ಬಸದಿಯಲ್ಲಿ ಮಾತ್ರ ಅಂಥ ತೊಡಕಿಲ್ಲ. ಶಕ 556ರಲ್ಲಿ ರವಿಕೀರ್ತಿ ತಾನೇ ಬರೆಸಿ ನಿಲ್ಲಿಸಿದ ಶಾಸನ ಅಲ್ಲಿದೆ, ಊಹೆಗೆ ಕೆಲಸವಿಲ್ಲ.

ಜಮಖಂಡಿಯ ಹೆಸರಿನ ಕಥೆಯೂ ಇಂಥದೇ. ಜಂಬುಕೇಶ್ವರನಿಂದ ಜಮಖಂಡಿ ಎಂಬುದು ಜನಜನಿತವಾದ ಮಾತು. ಇದಕ್ಕೆ ಎದುರಾಗಿ ಜೈನ ಅಭಿಮಾನಿಗಳು ಬೇರೊಂದು ಆಧಾರವನ್ನು ಮುಂದಿಡಬಲ್ಲರು. ಆರು-ಏಳನೆಯ ಶತಮಾನದ್ದೆಂದು ಲಿಪಿಯಿಂದ ಗುರುತಿಸಲಾದ ಗೋಕಾಕದ ತಾಮ್ರಪಟದಲ್ಲಿ ಸೇಂದ್ರಕ ಕುಲದ ಇಂದ್ರಾಣಂದನು ಅರ್ಹತನ ಪೂಜೆಗಾಗಿ ಜಂಬೂಖಂಡ ಗಣದ ಆಚಾರ್ಯ ಆರ್ಯನಂದಿಗೆ ಭೂಮಿ ಕೊಟ್ಟ ವಿಷಯವಿದೆ. ಆ ಗಣದ ಹೆಸರನ್ನು ವಿದ್ವಾಂಸರು ಜಮಖಂಡಿಯೊಡನೆ ಹೊಂದಿಸಿದ್ದಾರೆ. ಹತ್ತನೆಯ ಶತಮಾನದಲ್ಲಿ ರನ್ನನು ತನ್ನ ಹುಟ್ಟೂರಾದ ಮುದುವೊಳಲನ್ನು ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತರಲ್ಲಿ ಇರಿಸಿದ್ದಾನೆ. ಇವೆರಡೂ ಗಟ್ಟಿಯಾದ ಆಧಾರಗಳು. ಆದರೆ ಯಾವುದಕ್ಕೆ ಆಧಾರ? ಜಂಬುಖಂಡಿ ಎಂಬ ಊರು ಅಥವಾ ನಾಡು ಇತ್ತು, ಆ ಹೆಸರನ್ನು ಧರಿಸಿದ ಜೈನ ಮುನಿಗಣವೊಂದು ಇತ್ತು ಎಂಬಷ್ಟಕ್ಕೆ. ಇಂದು ಆ ಊರಿನಲ್ಲಿ ನಿಂತಿರುವ ಯಾವ ಶಿವಾಲಯವೂ ಇದರಿಂದ ಬಸದಿಯಾಗಿಬಿಡುವುದಿಲ್ಲ. ಜಂಬುಕೇಶ್ವರನ ಕಥೆಯಿಂದ ಆ ಮುನಿಗಣ ಇರಲಿಲ್ಲವೆಂದೂ ಆಗುವುದಿಲ್ಲ. ತಾಮ್ರಪಟ ಹೇಳದ ಮಾತನ್ನು ಅದರ ಬಾಯಲ್ಲಿ ಹಾಕುವುದು ಸ್ವಮತದವರೇ ಮಾಡಿದರೂ ತಪ್ಪು ತಪ್ಪೇ. ಜೈನ ಸಾಹಿತ್ಯದ ಅಧ್ಯಾಪಕರು ಇದನ್ನು ಮೊದಲು ಒಪ್ಪಬೇಕು.

ಮುಧೋಳದ ವಿಷಯದಲ್ಲಿ ಪಟ್ಟಿಯ ದೋಷ ಬೇರೆ ಬಗೆಯದು. ಕಟ್ಟಡಗಳ ಪಟ್ಟಿಯಲ್ಲಿ ಕಟ್ಟಡಗಳಿಗೆ ಮಾತ್ರ ಜಾಗ. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನನು ಶ್ರವಣಬೆಳಗೊಳದಲ್ಲಿ ಅಜಿತಸೇನಾಚಾರ್ಯರಲ್ಲಿ ಕಲಿತು, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ತೀರ್ಥಂಕರನ ಚರಿತೆಯನ್ನು ಬರೆದ ಅದೇ ಕವಿ ಭೀಮನನ್ನು ನಾಯಕನಾಗಿಸಿ ಗದಾಯುದ್ಧವನ್ನೂ ಬರೆದ. ಮುಧೋಳದ ಜೈನ ಪರಂಪರೆಯ ಬಹುದೊಡ್ಡ ಸಾಕ್ಷಿ ಕಲ್ಲಿನಲ್ಲಿಲ್ಲ, ತಾಳೆಗರಿಯಲ್ಲಿದೆ. ಪಟ್ಟಿಗಾರನು ಅವನನ್ನು 'ಪ್ರಮುಖ ವ್ಯಕ್ತಿಗಳು' ಎಂಬ ಬೇರೆ ಪುಟಕ್ಕೆ ಕಳುಹಿಸಿ ಕೈತೊಳೆದುಕೊಳ್ಳುತ್ತಾನೆ.

ಕಲ್ಲಿನಲ್ಲಿಯೇ ಸಾಕ್ಷಿ ಬೇಕೆಂದರೆ ರಬಕವಿ-ಬನಹಟ್ಟಿಗೆ ಹತ್ತಿರದ ತೇರದಾಳಕ್ಕೆ ಹೋಗಬೇಕು. ಕುಂಡಿ ಮೂರುಸಾಸಿರಕ್ಕೆ ಸೇರಿದ ತೇರಿದಾಳವನ್ನು ಆಳುತ್ತಿದ್ದ ಮಾಂಡಲಿಕ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿ 1123ರ ಹೊತ್ತಿಗೆ ದತ್ತಿ ಬಿಟ್ಟನು. ಕಲ್ಯಾಣದಲ್ಲಿ ಆಗ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ದತ್ತಿಯ ಸಂದರ್ಭದಲ್ಲಿ ರಟ್ಟರ ಕಾರ್ತವೀರ್ಯನಿದ್ದನು. ದತ್ತಿಯನ್ನು ಸ್ವೀಕರಿಸಿದವರು ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರು. ಅಯ್ಯಾವೊಳೆ ಐನೂರ್ವರ ವರ್ತಕ ಸಂಘದ ಹೆಸರೂ ಈ ಬಸದಿಯ ದತ್ತಿಗಳಲ್ಲಿ ಸೇರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ಲೀಟರು ಈ ಶಾಸನವನ್ನು ಪ್ರಕಟಿಸಿದ್ದಾರೆ.

'ತೇರದಾಳದ ಪುರಾತನ ಜೈನ ಬಸದಿ' ಎಂಬ ನಾಲ್ಕು ಪದಗಳಲ್ಲಿ ಇದರಲ್ಲಿ ಎಷ್ಟು ಉಳಿಯಿತು? ಒಬ್ಬ ಸಣ್ಣ ಮಾಂಡಲಿಕ, ಅವನ ಮೇಲಿನ ರಟ್ಟ ಅರಸು, ಅವನಿಗೂ ಮೇಲಿನ ಚಾಲುಕ್ಯ ಚಕ್ರವರ್ತಿ, ಇಂದು ಮಹಾರಾಷ್ಟ್ರದಲ್ಲಿರುವ ಊರಿನ ಗುರು, ಊರೂರು ತಿರುಗುವ ವ್ಯಾಪಾರಿಗಳು: ಒಂದು ಬಸದಿ ನಿಲ್ಲಲು ಇಷ್ಟು ಜನ ಬೇಕಾಯಿತು. ಇವರೆಲ್ಲರೂ ಜೈನರೆಂದು ಭಾವಿಸಲು ಕಾರಣವಿಲ್ಲ. ಅಯ್ಯಾವೊಳೆಯ ವರ್ತಕರ ದತ್ತಿಗಳು ಶಿವಾಲಯಗಳಿಗೂ ಬಸದಿಗಳಿಗೂ ಸಂದಿವೆ. ಗದಗ ಸೀಮೆಯ ಡಂಬಳದಲ್ಲಿ 1095ರಲ್ಲಿ ದತ್ತಿ ಪಡೆದ ಬೌದ್ಧ ವಿಹಾರವನ್ನು ಕಟ್ಟಿಸಿದವರು ಆ ಊರಿನ ಹದಿನಾರು ಸೆಟ್ಟಿಗಳು. ಸಂತೆ ನಡೆಯುವ ಊರಿನಲ್ಲಿ ದೇವರ ಮನೆಗಳು ನಿಲ್ಲಲಿ ಎಂಬುದು ವ್ಯಾಪಾರದ ವಿವೇಕವೂ ಆಗಿತ್ತು. ಇದನ್ನು 'ಸಮನ್ವಯ' ಎಂದು ಕರೆದು ಹಾರ ಹಾಕುವುದಕ್ಕಿಂತ, ಯಾರು ಏನು ಕೊಟ್ಟರು ಎಂದು ಓದುವುದು ಹೆಚ್ಚು ಗೌರವದ ಕೆಲಸ.

ಸಮನ್ವಯದ ಘೋಷಣೆಗೆ ಇನ್ನೊಂದು ದೋಷವಿದೆ. ಅದು ಜಗಳವನ್ನು ಮುಚ್ಚಿಡುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಪಣವನ್ನೂ ಜಿನಬಿಂಬದ ಭಂಗವನ್ನೂ ಹೆಮ್ಮೆಯಿಂದಲೇ ದಾಖಲಿಸಿದೆ. ಹನ್ನೆರಡನೆಯ ಶತಮಾನ ಹಾಗೂ ಇತ್ತು, ತೇರದಾಳದ ಹಾಗೂ ಇತ್ತು. ನೇಮಿನಾಥನ ಬಸದಿಯಿರುವ ಊರಿನಲ್ಲಿಯೇ ಅಲ್ಲಮಪ್ರಭುವಿನ ದೊಡ್ಡ ಗುಡಿಯೂ ಇದೆ. ಇವೆರಡರ ನಡುವೆ ಪ್ರೀತಿಯಿತ್ತು ಎಂದೋ ವೈರವಿತ್ತು ಎಂದೋ ಶಾಸನ ನೋಡದೆ ತೀರ್ಮಾನಿಸುವವರಿಬ್ಬರೂ ಒಂದೇ ದೋಣಿಯಲ್ಲಿದ್ದಾರೆ.

ಶಾಸನಗಳ ಕಾಲ ಮುಗಿದ ಮೇಲೆ ಕನ್ನಡ ವಿದ್ವತ್ತಿನ ಉತ್ಸಾಹವೂ ಮುಗಿದುಬಿಡುವುದು ವಿಚಿತ್ರ. ಆದಿಲಶಾಹಿಗಳ ಆಡಳಿತದ ಒಂದು ಭಾಷೆ ಪಾರಸಿ. 1811ರಲ್ಲಿ ಬೇರೆಯಾದ ಜಮಖಂಡಿ ಸಂಸ್ಥಾನ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರಬಕವಿ, ತೇರದಾಳಗಳು ಸಾಂಗಲಿ ಸಂಸ್ಥಾನದಲ್ಲಿದ್ದವು, ಬನಹಟ್ಟಿ ಜಮಖಂಡಿಯದು, ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಇಂದು ಒಂದೇ ನಗರಸಭೆಯ ಕೆಳಗಿರುವ ರಬಕವಿ ಮತ್ತು ಬನಹಟ್ಟಿಗಳ ಗುಡಿಗಳ ಇನಾಮು ಕಾಗದಗಳನ್ನು ಹುಡುಕಬೇಕಾದದ್ದು ಎರಡು ಬೇರೆ ದಫ್ತರಗಳಲ್ಲಿ, ಮರಾಠಿಯ ಮೋಡಿ ಲಿಪಿಯಲ್ಲಿ. ಬನಹಟ್ಟಿಯ ಕಾಡಸಿದ್ಧೇಶ್ವರನ ಸನ್ನಿಧಿಯಿರಲಿ, ನೇಕಾರರ ಓಣಿಯ ಸಣ್ಣ ಗುಡಿಯಿರಲಿ, ದರ್ಗಾದ ಉರುಸಿನ ದೀಪದೆಣ್ಣೆಯಿರಲಿ, 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗಿನ ಲೆಕ್ಕ ಬಹುಪಾಲು ಆ ಲಿಪಿಯಲ್ಲಿಯೇ ಅಡಗಿದೆ. ಕನ್ನಡ ಎಂ.ಎ. ತರಗತಿಯಲ್ಲಿ ಹಳಗನ್ನಡದ ಲಿಪಿಯನ್ನೇ ಕಷ್ಟಪಟ್ಟು ಕಲಿಸುವ ಸ್ಥಿತಿಯಿದೆ. ಮೋಡಿಯ ಮಾತನ್ನು ಎತ್ತುವವರೇ ಇಲ್ಲ. ಓದಲಾರದ ಕಾಗದದ ಜಾಗದಲ್ಲಿ ಐತಿಹ್ಯ ಬಂದು ಕೂರುತ್ತದೆ.

ಪಟ್ಟಿಯ ವಿಭಾಗಗಳಿಗೆ ಒಗ್ಗದ ಪೂಜಾಸ್ಥಳಗಳೂ ಇವೆ. ಮೊಹರಮ್ಮಿನ ದಿನಗಳಲ್ಲಿ ಪಂಜಾಗಳನ್ನು ಕೂರಿಸುವ ಮನೆ, ಅದರ ಮುಂದಿನ ಆಲಾಯಿ ಕುಣಿ, ಫಕೀರರಾಗುವ ಹಿಂದೂ ಮನೆಗಳ ಮಕ್ಕಳು, ಕರ್ಬಲದ ಕಥೆಯನ್ನು ಅಚ್ಚಗನ್ನಡದಲ್ಲಿ ಹಾಡುವ ರಿವಾಯತ ಮೇಳದವರು: ಇವರನ್ನು ಯಾವ ಶೀರ್ಷಿಕೆಯಡಿ ಬರೆಯಬೇಕು? 'ಇಸ್ಲಾಂ' ಎಂದರೆ ಅರ್ಧ ಹಾಡುಗಾರರು ಹೊರಗುಳಿಯುತ್ತಾರೆ. 'ಜಾನಪದ' ಎಂದರೆ ಅದು ಪೂಜೆಯೇ ಅಲ್ಲವೆಂದಂತಾಯಿತು. ಹೀಗಾಗಿ ಪಟ್ಟಿಗಾರನು ಮಸೀದಿಯ ಹೆಸರನ್ನು ಬರೆದು ಮುಂದೆ ಸಾಗುತ್ತಾನೆ.

ಬೀಳಗಿಗೆ ಬಂದರೆ ಮೊದಲು ಒಂದು ಎಚ್ಚರಿಕೆ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಬಿಳಗಿ ಬೇರೆ, ಈ ಬೀಳಗಿ ಬೇರೆ. ಜೈನ ಅರಸರ ರತ್ನತ್ರಯ ಬಸದಿ ಇರುವುದು ಅಲ್ಲಿ. ಇಂಗ್ಲಿಷಿನಲ್ಲಿ ಎರಡೂ ಒಂದೇ ಅಕ್ಷರಗಳಾಗುವುದರಿಂದ ನಕಲು ಮಾಡುವವರು ಅಲ್ಲಿಯ ಬಸದಿಯನ್ನು ಇಲ್ಲಿ ತಂದು ಇಳಿಸುವ ಅಪಾಯ ಸದಾ ಇದೆ.

ಕೃಷ್ಣೆಯ ದಂಡೆಯ ಈ ಬೀಳಗಿಗೆ ನಿಜವಾದ ಅಪಾಯ ಬೇರೆಯದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈಗಾಗಲೇ ಈ ಭಾಗದ ಹಳ್ಳಿಗಳನ್ನು ನುಂಗಿದೆ. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ನೀಡಿತು. ನಾಲ್ಕೂವರೆ ಮೀಟರು ಎಂದರೆ ಹಳ್ಳಿಯ ಒಂದು ಗುಡಿಯ ಗೋಡೆಯಷ್ಟು ಎತ್ತರ. ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋಗುವಾಗ ದೇವರು ಊರಿನೊಡನೆ ಹೋಗುತ್ತಾನೆ. ಹೊಸ ಗುಡಿ, ಹೊಸ ಮಸೀದಿ ಕಟ್ಟಲಾಗುತ್ತದೆ. ಹಿಂದೆ ಉಳಿಯುವುದು ವೀರಗಲ್ಲು, ಮಾಸ್ತಿಗಲ್ಲು, ಹಾಳು ಗುಡಿಯ ತೊಲೆಯ ಮೇಲಿನ ಎರಡು ಸಾಲು ಅಕ್ಷರ, ಗೋರಿಯ ಕಲ್ಲು. ಇವುಗಳಿಗೆ ಪೂಜೆಯಿಲ್ಲ, ಟ್ರಸ್ಟ್ ಕಮಿಟಿಯಿಲ್ಲ, ಪರಿಹಾರ ಕೇಳುವ ವಾರಸುದಾರನಿಲ್ಲ.

ಹೆಸರಾದ ಸ್ಥಳಗಳಿಗೆ ಈ ಗತಿ ಬರಲಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಹಿನ್ನೀರಿನ ನಡುವೆಯೇ ಸುತ್ತುಗೋಡೆ ಎಬ್ಬಿಸಿ ಉಳಿಸಿಕೊಳ್ಳಲಾಯಿತು. ಕೆಳಗೆ ಶ್ರೀಶೈಲದ ಜಲಾಶಯ ತುಂಬುವ ಮುನ್ನ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತು. ಹಣವೂ ತಂತ್ರಜ್ಞಾನವೂ ಆಗಲೇ ಇದ್ದವೆಂದಾಯಿತು. ಪ್ರತಿ ಹಳ್ಳಿಗೂ ಅಂಥ ವೆಚ್ಚವನ್ನು ಯಾರೂ ಕೇಳುತ್ತಿಲ್ಲ. ಶಾಸನದ ಪಡಿಯಚ್ಚು ತೆಗೆಯಲು ಬೇಕಾದದ್ದು ಕಾಗದ, ನೀರು, ಮಸಿ, ಒಂದು ಕುಂಚ ಮತ್ತು ಒಬ್ಬ ತಿಳಿದವನು.

ನೀರಿಗಿಂತ ಮೊದಲೇ ಜೀರ್ಣೋದ್ಧಾರ ಬಂದುಬಿಡುವುದೂ ಉಂಟು. ಕಂಬಗಳ ಮೇಲೆ ಎಣ್ಣೆಬಣ್ಣ, ಶಾಸನದ ಮೇಲೆ ಸಿಮೆಂಟು, ಹಾಸುಗಲ್ಲಿನ ಮೇಲೆ ಟೈಲ್ಸು. ಬಸದಿಗಳೂ ಇದಕ್ಕೆ ಹೊರತಲ್ಲ. ಅಮೃತಶಿಲೆಯ ವ್ಯಾಮೋಹ ಶ್ರಾವಕರಲ್ಲಿ ತುಸು ಹೆಚ್ಚೇ ಇದೆ. ದಾನಿಯ ಹೆಸರನ್ನು ಹೊಸ ಫಲಕದಲ್ಲಿ ಕೆತ್ತಿಸುವ ಭರದಲ್ಲಿ ಒಂಬೈನೂರು ವರ್ಷ ಹಿಂದಿನ ದಾನಿಯ ಹೆಸರನ್ನು ಅಳಿಸುವುದು ಯಾವ ಧರ್ಮದ ಪುಣ್ಯ?

1991ರ ಪೂಜಾಸ್ಥಳಗಳ ಕಾಯ್ದೆ 1947ರ ಆಗಸ್ಟ್ 15ರಂದು ಯಾವ ಸ್ಥಳ ಹೇಗಿತ್ತೋ ಹಾಗೆಯೇ ಇರಬೇಕೆಂದು ವಿಧಿಸಿದೆ. ಒಡೆತನದ ಪ್ರಶ್ನೆಯನ್ನು ಕಾನೂನಿಗೆ ಬಿಟ್ಟು, ಕಟ್ಟಿದವರ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬಹುದು. ಜಮಖಂಡಿ, ಮುಧೋಳ, ಬನಹಟ್ಟಿಗಳಲ್ಲಿ ಪದವಿ ಕಾಲೇಜುಗಳಿವೆ. ಪ್ರತಿವರ್ಷ ವಿದ್ಯಾರ್ಥಿಗಳಿಂದ ಅವೇ ಹತ್ತು ಗುಡಿಗಳ ಯೋಜನಾ ವರದಿಯನ್ನು ಬರೆಸುವ ಬದಲು ಒಬ್ಬೊಬ್ಬರಿಗೆ ಒಂದೊಂದು ಹಳ್ಳಿಯನ್ನು ಹಂಚಬಹುದು. ಗುಡಿ, ಬಸದಿ, ದರ್ಗಾ, ಗದ್ದುಗೆ ಎಂದು ವಿಂಗಡಿಸದೆ ಕಂಡ ಕಲ್ಲನ್ನೆಲ್ಲ ಅಳೆದು, ಚಿತ್ರ ತೆಗೆದು, ಇರುವ ಜಾಗವನ್ನು ಗುರುತಿಸಿ ಬರೆಯಲಿ. ಆರಂಭ ಬೀಳಗಿ ತಾಲೂಕಿನ ನದಿದಂಡೆಯ ಹಳ್ಳಿಗಳಿಂದ ಆಗಬೇಕು. ಚೈತ್ರ-ವೈಶಾಖಗಳಲ್ಲಿ ಹಿನ್ನೀರು ಇಳಿದು ಹಳೆಯ ಊರುಗಳ ಅಡಿಪಾಯ ಬಯಲಾದಾಗ.