‘ಡೆಲಿವರ್ಡ್’ ಅಂದ್ರೆ ಊಟ ಆಯ್ತು ಅಂತಲ್ಲ

ಬೆಂಗಳೂರಲ್ಲಿ ಕೂತು ಮೈಸೂರಲ್ಲಿರೋ ಅಪ್ಪನಿಗೆ ಊಟ ಆರ್ಡರ್ ಮಾಡೋ ಮಗ ನಾನು. ಅಮ್ಮ ಹೋದ ಮೇಲೆ ಶುರುವಾದ ಅಭ್ಯಾಸ. ಮೀಟಿಂಗ್ ಮಧ್ಯೆ ಆ್ಯಪ್ ತೆಗೆದು ನಾಲ್ಕು ಸಲ ಒತ್ತೋದು, ಮೊಬೈಲಲ್ಲಿ ‘ಡೆಲಿವರ್ಡ್’ ಅಂತ ಬಂದ ಕೂಡಲೇ ನನ್ನ ಕರ್ತವ್ಯ ಮುಗೀತು ಅಂದುಕೊಳ್ಳೋದು.

ಕಳೆದ ತಿಂಗಳು ಹೇಳದೆ ಮನೆಗೆ ಹೋದೆ. ಫ್ರಿಜ್ಜಲ್ಲಿ ಮುಟ್ಟದೇ ಇಟ್ಟ ಮೂರು ಡಬ್ಬಿ. ಯಾಕೆ ಅಂತ ಕೇಳಿದೆ. “ದಿನಾ ಉಪ್ಪು ಜಾಸ್ತಿ ಕಣೋ, ಬಿಪಿ ಬೇರೆ ಇದೆ. ನೀನು ದುಡ್ಡು ಕೊಟ್ಟಿರ್ತೀಯ, ಬೇಡ ಅನ್ನೋಕೆ ಮನಸ್ಸು ಬರಲ್ಲ” ಅಂದರು. ಆಮೇಲೆ ಮೆಲ್ಲಗೆ, “ಆ ಹುಡುಗ ಪಾಪ, ಇಟ್ಟು ಓಡ್ತಾನೆ. ನೀರು ಕುಡಿದು ಹೋಗಪ್ಪಾ ಅನ್ನೋಷ್ಟರಲ್ಲಿ ಗಾಡಿ ಸ್ಟಾರ್ಟು.”

ತಪ್ಪು ಆ ಹುಡುಗನದಲ್ಲ. ಎರಡು ನಿಮಿಷ ನಿಂತರೆ ಅವನ ಮುಂದಿನ ಆರ್ಡರ್ ತಡ. ‘ಬಾಗಿಲ ಬಳಿ ಇಟ್ಟು ಹೋಗಿ’ ಅಂತ ಒತ್ತಿದ್ದೂ ನಾನೇ.

ಅಮೆರಿಕದಲ್ಲಿ ಹಿರಿಯರ ಮನೆಗೆ ಊಟ ತಲುಪಿಸುವ ‘ಮೀಲ್ಸ್ ಆನ್ ವೀಲ್ಸ್’ ವ್ಯವಸ್ಥೆ 1954ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯ್ತು. ಊಟ ತರುವವರು ಒಂದೆರಡು ಮಾತಾಡಿ, ಹುಷಾರಾಗಿದ್ದಾರಾ ಅಂತ ನೋಡಿಕೊಂಡು ಹೋಗ್ತಾರೆ. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವರಿಗೆ ದಿನಾ ಬಿಸಿ ಊಟ, ಕೆಲವರಿಗೆ ವಾರಕ್ಕೊಮ್ಮೆ ಫ್ರೋಜನ್ ಊಟ ಕೊಟ್ಟು ಹೋಲಿಸಿದರು. 2015ರಲ್ಲಿ ವರದಿ ಬಂತು. ಒಂಟಿತನ ಕಡಿಮೆಯಾಯ್ತು ಅಂತ ಹೆಚ್ಚಾಗಿ ಹೇಳಿದವರು ದಿನಾ ಊಟ ಪಡೆದವರು. ಅವರ ಬಾಗಿಲಿಗೆ ದಿನಾ ಒಬ್ಬ ಮನುಷ್ಯ ಬರ್ತಿದ್ದ.

ನಮ್ಮ ಆ್ಯಪ್‌ಗಳು ಕಿತ್ತುಹಾಕಿದ್ದು ಆ ಮನುಷ್ಯನನ್ನೇ. ಅದನ್ನ ನಾವು ‘ಸೌಕರ್ಯ’ ಅಂತೀವಿ. ಯಾರಿಗೆ ಸೌಕರ್ಯ? ನಮಗೆ! ಫೋನ್ ಮಾಡದಿರೋ ತಪ್ಪಿಗೆ ಡಿಸ್ಕೌಂಟಲ್ಲಿ ಸಿಗೋ ಪರಿಹಾರ ಅದು.

“ಹಾಗಂತ ಕೆಲಸ ಬಿಟ್ಟು ಊರಿಗೆ ಹೋಗೋಕಾಗುತ್ತಾ?” ಅಂತೀರಿ. ಆಗಲ್ಲ, ನಾನೂ ಬಿಟ್ಟಿಲ್ಲ. ಮಳೆ ಬಂದ ದಿನ, ಜ್ವರ ಬಂದ ದಿನ ಆ್ಯಪ್ ಬೇಕೇ ಬೇಕು. ಆದರೆ ದಿನದ ಊಟಕ್ಕೆ ಈಗ ಪಕ್ಕದ ಬೀದಿಯ ಆಂಟಿಯೊಬ್ಬರ ಕ್ಯಾರಿಯರ್. ಉಪ್ಪು ಕಡಿಮೆ ಹಾಕ್ತಾರೆ. ಅಪ್ಪನೇ ನಡೆದು ಹೋಗಿ ತರ್ತಾರೆ, ಅಲ್ಲೇ ಅರ್ಧ ಗಂಟೆ ಹರಟೆ. ಒಂದು ದಿನ ಹೋಗದಿದ್ದರೆ ಆಂಟಿ ನನಗೆ ಫೋನ್ ಮಾಡ್ತಾರೆ. ಇದು ಯಾವ ಆ್ಯಪಲ್ಲಿದೆ?

ನಾನೂ ರಾತ್ರಿ ಫೋನ್ ಮಾಡ್ತೀನಿ. ಮೊದಲು “ಊಟ ಬಂತಾ?” ಅಂತ ಕೇಳ್ತಿದ್ದೆ. ಈಗ “ಏನು ಸಾರು ಇವತ್ತು?” ಅಂತೀನಿ. ಅಪ್ಪ ಹತ್ತು ನಿಮಿಷ ಮಾತಾಡ್ತಾರೆ.