ಗಲ್ಫಿಗೆ ಹೊರಟ ಮಾಸ್ತರರಿಗೆ, ಅಕ್ಕೋರಿಗೆ

ಭಟ್ಕಳ, ಹೊನ್ನಾವರ, ಕುಮಟೆಯ ಮನೆಗಳಿಗೆ ಗಲ್ಫ್ ಹೊಸದಲ್ಲ. ದುಬೈಯ ಭಾರತೀಯ ಶಾಲೆಗಳಲ್ಲಿ ಪಾಠ ಹೇಳಲು ಹೊರಡುವವರು ವೀಸಾದಿಂದ ಉಪ್ಪಿನಕಾಯಿಯವರೆಗೆ ಎಲ್ಲ ನೆನಪಿಡುತ್ತಾರೆ, ಮರೆಯುವುದು ಆರೋಗ್ಯವನ್ನು.

ನೀವೂ ಹೊರಟಿದ್ದರೆ ಮೊದಲು ಔಷಧದ ಚೀಲ ನೋಡಿಕೊಳ್ಳಿ. ಕೊಡೀನ್, ಟ್ರಮಡಾಲ್ ಇರುವ ಔಷಧಗಳನ್ನು ಅಲ್ಲಿಗೆ ಒಯ್ಯಲು ಮುಂಚಿತ ಅನುಮತಿ ಬೇಕು. ವೈದ್ಯರ ಚೀಟಿ ಜೊತೆಗಿರಲಿ.

ಅಘನಾಶಿನಿ ದಡದ ತೇವದ ಗಾಳಿಗೆ ಒಗ್ಗಿದ ಗಂಟಲು ಏಸಿ ಕೋಣೆಯ ಒಣಗಾಳಿಯಲ್ಲಿ ಬೇಗ ಕಟ್ಟುತ್ತದೆ. ಪಾಠದ ನಡುನಡುವೆ ನೀರು ಕುಡಿಯಿರಿ. ಬೇಸಿಗೆಯಲ್ಲಿ ಉಷ್ಣತೆ 45 ಡಿಗ್ರಿ ಮುಟ್ಟುವುದರಿಂದ ಜನ ಒಳಗೇ ಉಳಿಯುತ್ತಾರೆ. ಬಿಸಿಲು ಕಾಣದ ಮೈಯಲ್ಲಿ ‘ಡಿ’ ಜೀವಸತ್ವ ಕಡಿಮೆಯಾಗುತ್ತದೆ. ಸದಾ ಮೈಕೈ ನೋವಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಆದರೆ ಇವೆಲ್ಲಕ್ಕಿಂತ ದೊಡ್ಡ ತೊಂದರೆ ಒಂಟಿತನ ಎಂಬುದು ನನ್ನ ಅಭಿಪ್ರಾಯ. ಹೊಸದರಲ್ಲಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಅದು ಹೇಡಿತನವಲ್ಲ. ಸಹೋದ್ಯೋಗಿಗಳೊಡನೆ ಬಾಯಿಬಿಟ್ಟು ಹೇಳಿ. ಎರಡು ವಾರ ಕಳೆದರೂ ಹಾಗೇ ಇದ್ದರೆ ವೈದ್ಯರನ್ನು ಕಾಣಿ.

ಊರಲ್ಲಿರುವವರಿಗೂ ಒಂದು ಮಾತು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಅವರ ಬಿಡುವು ನೋಡಿ ಫೋನ್ ಮಾಡಿ. ಹಣ ಯಾವಾಗ ಕಳಿಸುತ್ತೀ ಎನ್ನುವ ಮೊದಲು, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ.